ಬೀಟೆಯ ಮನೆ, ಆಲೆಯ ಮನೆ

ಚದುರಂಗದ ಮಣೆ ದೊಡ್ಡದಾದಷ್ಟೂ ಬಡಗಿಯ ಕೈಯನ್ನು ಅದರ ಕುಸುರಿಗಿಂತ ಅದರ ಅಳತೆಯೇ ಹೆಚ್ಚು ಪರೀಕ್ಷಿಸುತ್ತದೆ. ಪಂದ್ಯದ ಮಣೆಯಲ್ಲಿ ಒಂದು ಮನೆಯ ಅಗಲ 5ರಿಂದ 6 ಸೆಂ.ಮೀ. ಇರುತ್ತದೆ, ಪಡಸಾಲೆಯ ಶೋಭೆಗೆಂದು ಅದನ್ನು 9 ಸೆಂ.ಮೀ.ಗೆ ಹಿಗ್ಗಿಸಿದರೆ ಅಂಚನ್ನು ಬಿಟ್ಟೇ 72 ಸೆಂ.ಮೀ. ಅಗಲದ ಹಾಸು ಬೇಕಾಗುತ್ತದೆ.

ಅರವತ್ತನಾಲ್ಕು ಚೌಕಗಳನ್ನು ಬಿಡಿಬಿಡಿಯಾಗಿ ಕೊಯ್ದು ಕೂಡಿಸುವವರು ಕಡಿಮೆ. ಕಪ್ಪು ಮರದ ನಾಲ್ಕು, ಬಿಳಿ ಮರದ ನಾಲ್ಕು ಪಟ್ಟಿಗಳನ್ನು ಒಂದು ಬಿಟ್ಟು ಒಂದರಂತೆ ಅಂಟಿಸಿ, ಒಣಗಿದ ಮೇಲೆ ಅಡ್ಡಕ್ಕೆ ಎಂಟು ಸಾಲುಗಳಾಗಿ ಕೊಯ್ದು, ಸಾಲು ಬಿಟ್ಟು ಸಾಲನ್ನು ಹಿಂದುಮುಂದಾಗಿ ತಿರುಗಿಸಿದರೆ ಚೌಕಗಳು ತಾವಾಗಿ ಮೂಡುತ್ತವೆ. ಆದರೆ ಪ್ರತಿ ಪಟ್ಟಿಯಲ್ಲೂ ಕಾಲು ಮಿ.ಮೀ. ಹೆಚ್ಚು ಉಳಿದರೆ ಎಂಟನೆಯದರ ಹೊತ್ತಿಗೆ ಅದು 2 ಮಿ.ಮೀ. ಆಗುತ್ತದೆ, ಪಟ್ಟಿಗಳ ಅಗಲದಲ್ಲಿ ಏರುಪೇರಿದ್ದರಂತೂ ತಿರುಗಿಸಿದ ಸಾಲಿನ ಮೂಲೆಗಳು ಪಕ್ಕದ ಸಾಲಿನೊಂದಿಗೆ ಕೂಡುವುದೇ ಇಲ್ಲ.

ಈ ವಿಧಾನಕ್ಕೆ ಇನ್ನೊಂದು ಕೊರತೆಯೂ ಉಂಟು. ಅಡ್ಡ ಕೊಯ್ದ ಮುಖದಲ್ಲಿ ಮರದ ಎಳೆಗಳ ತುದಿಗಳು ತೆರೆದಿದ್ದು ಅಂಟನ್ನು ಹೀರಿಬಿಡುವುದರಿಂದ ಸಾಲುಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಮೇಲಾಗಿ ಮರವು ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಅಲುಗದೆ, ಅಡ್ಡಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಗಟ್ಟಿ ಹಲಗೆಯ ಮಣೆಯನ್ನು ನಾಲ್ಕೂ ಕಡೆ ಅಂಟಿದ ಚೌಕಟ್ಟಿನಲ್ಲಿ ಬಿಗಿದರೆ ಚೌಕಟ್ಟು ಬಾಯಿ ಬಿಡುತ್ತದೆ, ಇಲ್ಲವೇ ಹಾಸು ಸೀಳುತ್ತದೆ. ದೊಡ್ಡ ಮಣೆಗೆ ತೆಳುವಾದ ಮರದ ಹಾಳೆಗಳನ್ನು ಪ್ಲೈವುಡ್ ಮೇಲೆ ಅಂಟಿಸುವುದೇ ಸರಿ; ಹಿಂಬದಿಗೂ ಅಷ್ಟೇ ದಪ್ಪದ ಹಾಳೆ ಬೇಕು, ಇಲ್ಲದಿದ್ದರೆ ಇಡೀ ಮಣೆ ಬಟ್ಟಲಿನಂತೆ ಬಾಗುತ್ತದೆ.

ಕಪ್ಪಿಗೆ ಬೀಟೆ, ಬಿಳಿಗೆ ಚನ್ನಪಟ್ಟಣದ ಗೊಂಬೆಗಳ ಆಲೆ ಮರ ನೋಟಕ್ಕೆ ಒಪ್ಪುವ ಜೋಡಿ. ಆದರೆ ಬೀಟೆಯ ಎಣ್ಣೆಯಂಶ ಅಂಟನ್ನು ಸುಲಭವಾಗಿ ಹಿಡಿಯಗೊಡುವುದಿಲ್ಲ. ಉಪ್ಪುಕಾಗದ ಉಜ್ಜಿದಾಗ ಏಳುವ ಅದರ ಕಂದು ಹುಡಿ ಬಿಳಿ ಮರದ ರಂಧ್ರಗಳಲ್ಲಿ ಕೂತು ಕೊಳೆಯಂತೆ ಕಾಣುತ್ತದೆ. ಆದಕಾರಣ ಬಲ್ಲವರು ಕೊನೆಯ ನುಣುಪನ್ನು ಕಾಗದಕ್ಕೆ ಬಿಡದೆ, ಹರಿತವಾದ ಉಕ್ಕಿನ ತಗಡಿನಿಂದ ಕೆರೆದು ತರುತ್ತಾರೆ.

ಬೀಟೆಯಲ್ಲಿ ಗುಳಿ ತೋಡಿ ಬೇರೆ ಬಣ್ಣದ ಮರದ ತುಣುಕುಗಳನ್ನು ಕೂರಿಸುವ ಮೈಸೂರಿನ ಇನ್‌ಲೇ ಕೆಲಸಕ್ಕೆ ಇಂಥ ಮಣೆಯಲ್ಲಿ ತಕ್ಕ ಜಾಗವೆಂದರೆ ಅಂಚು ಮಾತ್ರ. ಮನೆಗಳೊಳಗೆ ಹೂವು, ಆನೆಗಳನ್ನು ತುಂಬಿದ ಮಣೆಯಲ್ಲಿ ಕಾಯಿಗಳು ಕಳೆದುಹೋಗುತ್ತವೆ. ಭಾರತದ ಹಳೆಯ ಮಣೆಗಳಲ್ಲಿ ಕಪ್ಪು-ಬಿಳುಪಿನ ಭೇದವೇ ಇರಲಿಲ್ಲ, ಬರಿಯ ಗೆರೆಗಳಿದ್ದವು. ಎರಡು ಬಣ್ಣದ ರೂಢಿ ಬೆಳೆದದ್ದು ಯೂರೋಪಿನಲ್ಲಿ. ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳಿಗೆ ಜಾಗ ಕೊಟ್ಟ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮೆಚ್ಚಿದ ಕುದುರೆಯ ಸುತ್ತು, ಅಂದರೆ ಪ್ರತಿ ಮನೆಗೂ ಒಮ್ಮೆ ಮಾತ್ರ ಇಳಿದು 64 ಮನೆಗಳನ್ನೂ ಮುಗಿಸುವ ಓಟ, ಎರಡು ಬಣ್ಣದ ಮಣೆಯ ಮೇಲೆ ಬೇರೊಂದು ಸೊಗಸು ತೋರುತ್ತದೆ: ಕುದುರೆಯ ಒಂದೊಂದು ನೆಗೆತವೂ ಬಣ್ಣ ಬದಲಿಸುತ್ತದೆ.

ಆಟಗಾರನ ಬಲಗೈ ಮೂಲೆಯಲ್ಲಿ ಬಿಳಿಯ ಮನೆ ಬರಬೇಕು. ಅಂಚಿನ ಚಿತ್ತಾರ ಯಾವ ಎರಡು ಬದಿಗಳಿಗೆ ಮುಖ ಮಾಡುತ್ತದೋ ಆ ಬದಿಗಳಲ್ಲೇ ಆಟಗಾರರು ಕೂರಬೇಕಾಗುವುದರಿಂದ, ಇದನ್ನು ಅಂಟು ಹಚ್ಚುವ ಮುನ್ನವೇ ನೋಡಿಕೊಳ್ಳದ ಮಣೆ ಎಷ್ಟೇ ಬೆಲೆಬಾಳಿದರೂ ಗೋಡೆಗೆ ನೇತುಹಾಕಲಷ್ಟೇ ಲಾಯಕ್ಕು.