ಸ್ಪ್ರಿಂಗ್ ಮುರಿದರೆ ಭಾರವೊಂದೇ ಕಾರಣವೆ?

ಹಳಿಯಾಳದಲ್ಲಿ ಕಬ್ಬಿನ ಲಾರಿಯ ಲೀಫ್ ಸ್ಪ್ರಿಂಗ್ ಮುರಿದರೆ ‘ಭಾರ ಹೆಚ್ಚಾಯಿತು’ ಎನ್ನುತ್ತೇವೆ. ಇದು ಅರ್ಧಸತ್ಯ. ಪೀಡನ–ವಿಕೃತಿ ನಕ್ಷೆಗೇ ನಿಲ್ಲುವ ನಮ್ಮ ಭೌತಶಾಸ್ತ್ರ ಬೋಧನೆಯೂ ಇದೇ ತಪ್ಪು ಮಾಡುತ್ತದೆ. ಒಮ್ಮೆ ಹೇರಿದಾಗ ತಾಳುವ ಪೀಡನವೇ ಲಕ್ಷಾಂತರ ಬಾರಿ ಮರುಕಳಿಸಿದರೆ ಉಕ್ಕು ದಣಿದು ಮುರಿಯುತ್ತದೆ. ಜರ್ಮನಿಯ ವೋಲರ್ 1860ರ ದಶಕದಲ್ಲೇ ರೈಲಿನ ಅಚ್ಚುಗಳಲ್ಲಿ ಇದನ್ನು ತೋರಿಸಿದರು.

ಬಿರುಕು ಹುಟ್ಟುವುದು ಸಾಮಾನ್ಯವಾಗಿ ಮೇಲ್ಮೈಯಲ್ಲಿ. ಪಟ್ಟಿಯನ್ನು ಕುಲುಮೆಯಲ್ಲಿ ಮತ್ತೆ ಕೆಂಪಗೆ ಕಾಯಿಸಿ ಬಾಗಿಸಿದರೆ ಕಾರ್ಖಾನೆ ಕೊಟ್ಟ ಹದ ಕೆಡುತ್ತದೆ. ಹೊರಪದರದ ಇಂಗಾಲ ಸುಟ್ಟು ಮೆದುವಾಗುತ್ತದೆ. ಜೋಯಿಡಾದ ಮಳೆಯಲ್ಲಿ ಹಿಡಿದ ತುಕ್ಕಿನ ಕುಳಿ ಪೀಡನವನ್ನು ಒಂದೆಡೆ ಕೂಡಿಸುತ್ತದೆ. ಸಣ್ಣ ಉಕ್ಕಿನ ಗುಂಡುಗಳ ಹೊಡೆತದಿಂದ ಮೇಲ್ಮೈಯನ್ನು ಸಂಪೀಡನದಲ್ಲಿಟ್ಟರೆ ಬಾಳಿಕೆ ಹೆಚ್ಚುತ್ತದೆ.

ಮುರಿದ ಪಟ್ಟಿಯನ್ನು ತರಗತಿಗೆ ತನ್ನಿ. ನುಣುಪು ಭಾಗ ಹೆಚ್ಚಾಗಿ ದಣಿವಿನದು. ಒರಟು ಭಾಗ ಕೊನೆಯ ಮುರಿತದ್ದು.