ಹಳೆಯ ಸಂಚಿಕೆಯಿಂದ ವಿಕಿ ಪುಟಕ್ಕೆ: ಒಂದು ವಿಮರ್ಶೆ

ಗ್ರಂಥಸಂರಕ್ಷಣೆಯು ನಮ್ಮ ನಾಡಿನ ಮಠಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದ ಸತ್ಕಾರ್ಯಗಳಲ್ಲೊಂದು. ತಾಳೆಗರಿ ಶಿಥಿಲವಾದಾಗ ಅದನ್ನು ಪ್ರತಿ ಮಾಡಿಸಿದರು. ಅಚ್ಚಿನ ಯುಗ ಬಂದಾಗ ಕೆಲವರು ಮುದ್ರಣಾಲಯಗಳನ್ನೂ ನಿಯತಕಾಲಿಕಗಳನ್ನೂ ಆರಂಭಿಸಿದರು. ಈಗ ಆ ನಿಯತಕಾಲಿಕಗಳಿಗೇ ತಾಳೆಗರಿಯ ಗತಿ ಬಂದಿದೆ. ಹಳೆಯ ಸಂಪುಟಗಳ ಕಾಗದ ಮುಟ್ಟಿದರೆ ಮುರಿಯುತ್ತದೆ. ಎಷ್ಟೋ ಕಡೆ ನಡುವಿನ ಸಂಚಿಕೆಗಳೇ ಇಲ್ಲ. ಅವುಗಳಲ್ಲಿಯ ಲೇಖನಗಳನ್ನು ಅಂತರಜಾಲದ ವಿಕಿ ಪುಟಗಳಿಗೆ ಏರಿಸುವ ಕೆಲಸವನ್ನು ಕೆಲವು ಸ್ವಯಂಸೇವಕರು ಕೈಗೊಂಡಿದ್ದಾರೆ. ಈ ಕೆಲಸವು ಸ್ತುತ್ಯವಾದುದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸ್ತುತ್ಯವಾದುದೆಲ್ಲವೂ ನಿರ್ದುಷ್ಟವಾಗಿರುವುದಿಲ್ಲ. ಆದುದರಿಂದ ಅದರ ಗುಣದೋಷಗಳ ವಿವೇಚನೆಯನ್ನು ಇಲ್ಲಿ ಮಾಡಲಾಗಿದೆ.

ಮೊದಲು ಈ ಕಾರ್ಯದ ಅವಶ್ಯಕತೆಯನ್ನು ನೋಡೋಣ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಚನಗಳ ಶೋಧ, ಶರಣರ ಚರಿತ್ರೆ, ಹಸ್ತಪ್ರತಿಗಳ ವಿಚಾರ ಇವೆಲ್ಲ ಗ್ರಂಥರೂಪ ಪಡೆಯುವುದಕ್ಕೆ ಮುಂಚೆ ಇಂಥ ಪತ್ರಿಕೆಗಳ ಪುಟಗಳಲ್ಲಿ ಮೊಳಕೆಯೊಡೆದವು. ಮುಂದೆ ೧೯೯೩ರಲ್ಲಿ ‘ಸಮಗ್ರ ವಚನ ಸಂಪುಟ’ದ ೧೫ ಸಂಪುಟಗಳು ಹೊರಬಂದವು, ವಚನಗಳನ್ನು ಇಂದು ಗಣಕಯಂತ್ರದಲ್ಲಿ ಹುಡುಕಿ ಓದುವ ಸೌಲಭ್ಯವೂ ಒದಗಿದೆ. ಆದರೆ ವಚನಗಳ ಬಗೆಗೆ ವಿದ್ವಾಂಸರು ಹಳೆಯ ಪತ್ರಿಕೆಗಳಲ್ಲಿ ನಡೆಸಿದ ಚರ್ಚೆಗಳಿಗೆ ಅಷ್ಟು ಸೌಭಾಗ್ಯ ಒದಗಿಲ್ಲ. ಫಲ ಸಿಕ್ಕಿತು, ಬೇರು ಮರೆಯಾಯಿತು ಎನ್ನುವಂತಾಗಿದೆ.

ಇನ್ನು ಕಾರ್ಯದ ಸ್ವರೂಪ. ವಿಕಿ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಮನೆಗಳಿವೆ ಎಂಬುದನ್ನು ನಮ್ಮವರು ಬಹಳ ಮಂದಿ ಗಮನಿಸಿಲ್ಲ. ವಿಕಿಪೀಡಿಯವು ವಿಶ್ವಕೋಶ. ಅಲ್ಲಿ ಪ್ರಕಟಿತ ಆಧಾರಗಳಿಂದ ವಿಷಯ ಸಂಗ್ರಹಿಸಿ, ಸ್ವಂತ ಮಾತಿನಲ್ಲಿ, ತಟಸ್ಥ ದೃಷ್ಟಿಯಿಂದ, ಪ್ರತಿಯೊಂದು ಹೇಳಿಕೆಗೂ ಉಲ್ಲೇಖವಿತ್ತು ಬರೆಯಬೇಕು. ವಿಕಿಸೋರ್ಸ್ ಎಂಬುದು ಗ್ರಂಥಭಂಡಾರ. ಅಲ್ಲಿ ಮೂಲ ಬರಹವನ್ನು ಇದ್ದುದು ಇದ್ದಂತೆ ಇಡಬೇಕು. ಒಂದಕ್ಷರವನ್ನೂ ತಿದ್ದುವ ಅಧಿಕಾರ ನಮಗಿಲ್ಲ. ಮೊದಲನೆಯದರಲ್ಲಿ ನಕಲು ದೋಷ; ಎರಡನೆಯದರಲ್ಲಿ ನಕಲೇ ಧರ್ಮ. ಈ ಭೇದವನ್ನರಿಯದೆ ಕೈಯಿಕ್ಕಿದರೆ ಎರಡೂ ಕೆಡುತ್ತವೆ.

ಈ ತಪ್ಪನ್ನು ಪ್ರಸ್ತುತ ಲೇಖಕನೇ ಮಾಡಿದ್ದುಂಟು. ಹಳೆಯ ಮಾಸಪತ್ರಿಕೆಯೊಂದರಲ್ಲಿದ್ದ ಶರಣಚರಿತ್ರೆಯ ಲೇಖನವನ್ನು ಹಲವು ರಾತ್ರಿ ಕುಳಿತು ಬೆರಳಚ್ಚು ಮಾಡಿ, ಹಾಗೆಯೇ ವಿಕಿಪೀಡಿಯದಲ್ಲಿ ಏರಿಸಿದೆನು. ಮೂರನೆಯ ದಿನ ಅದು ಅಳಿಸಲ್ಪಟ್ಟಿತ್ತು. ಮೊದಲು ಕೋಪ ಬಂದಿತು. ಶರಣಸಾಹಿತ್ಯದ ಮೇಲಿನ ಅನಾದರವೆಂದೇ ಬಗೆದೆನು. ಚರ್ಚಾಪುಟದಲ್ಲಿ ಅಪರಿಚಿತ ಸಂಪಾದಕರೊಬ್ಬರು ತಾಳ್ಮೆಯಿಂದ ಬರೆದ ಕಾರಣಗಳನ್ನೋದಿದಾಗ ತಪ್ಪು ನನ್ನದೆಂಬುದು ತಿಳಿಯಿತು. ಲೇಖನದ ಕರ್ತೃವು ತೀರಿಕೊಂಡು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಅವರ ವಾರಸುದಾರರ ಅನುಮತಿಯನ್ನು ನಾನು ಕೇಳಿರಲಿಲ್ಲ. ಹಾಗೂ ಆ ಲೇಖನವು ಪ್ರಬಂಧವಾಗಿತ್ತೇ ಹೊರತು ವಿಶ್ವಕೋಶದ ಬರಹವಾಗಿರಲಿಲ್ಲ.

ಹಕ್ಕಿನ ವಿಷಯದಲ್ಲಿ ನಮ್ಮ ಕಾಯಿದೆ ಸ್ಪಷ್ಟವಾಗಿದೆ. ಲೇಖಕನು ತೀರಿಕೊಂಡ ವರ್ಷ ಮುಗಿದ ಮೇಲೆ ೬೦ ವರ್ಷಗಳವರೆಗೆ ಕೃತಿಸ್ವಾಮ್ಯವಿರುತ್ತದೆ. ಹಳಕಟ್ಟಿಯವರು ಲಿಂಗೈಕ್ಯರಾದುದು ೧೯೬೪ರಲ್ಲಿ. ಆದುದರಿಂದ ಅವರ ಸ್ವಂತ ಬರಹಗಳು ೨೦೨೫ರ ಜನವರಿ ೧ರಿಂದ ಸರ್ವರ ಸ್ವತ್ತಾಗಿವೆ. ಇದು ನಮ್ಮಲ್ಲಿ ಹಬ್ಬದಂತೆ ಆಚರಿಸಬೇಕಾದ ದಿನವಾಗಿತ್ತು. ಯಾರಿಗೂ ಅರಿವಾಗದೆ ಕಳೆದುಹೋಯಿತು. ಆದರೆ ಅವರ ಪತ್ರಿಕೆಯಲ್ಲಿ ಬರೆದ ಇತರರ ಲೇಖನಗಳಿಗೆ ಈ ಲೆಕ್ಕ ಬೇರೆ ಬೇರೆಯಾಗುತ್ತದೆ. ಒಬ್ಬೊಬ್ಬ ಲೇಖಕನ ವಿಷಯವನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು. ಪತ್ರಿಕೆ ಮಠದ್ದಾದ ಮಾತ್ರಕ್ಕೆ ಲೇಖನವೂ ಮಠದ್ದಾಗುವುದಿಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ, ಗೌರವಕ್ಕಾಗಿ ಬರೆದುಕೊಟ್ಟವರ ಹಕ್ಕು ಅವರಲ್ಲಿಯೂ ಅವರ ವಾರಸುದಾರರಲ್ಲಿಯೂ ಉಳಿದಿರುತ್ತದೆ.

ಪಾಠಶುದ್ಧಿಯ ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮವಾದುದು. ಪುಟದ ಚಿತ್ರವನ್ನು ತೆಗೆದು ಯಂತ್ರದಿಂದ ಅಕ್ಷರಗಳನ್ನು ಓದಿಸುವುದು ಈಗಿನ ರೂಢಿ. ಆದರೆ ಸವೆದ ಅಚ್ಚುಮೊಳೆಯ ಮಹಾಪ್ರಾಣದ ಗೀಟನ್ನು ಯಂತ್ರವು ಕಾಣದೆ ಹೋಗುವುದುಂಟು. ‘ಧರ್ಮ’ವು ‘ದರ್ಮ’ವಾಗುತ್ತದೆ, ‘ಭಕ್ತಿ’ಯು ‘ಬಕ್ತಿ’ಯಾಗುತ್ತದೆ. ಇವು ಕಣ್ಣಿಗೆ ಬೀಳುವ ತಪ್ಪುಗಳು. ಕಣ್ಣಿಗೆ ಬೀಳದ ತಪ್ಪೂ ಒಂದುಂಟು: ಅನುಸ್ವಾರದ ಬಿಂದುವಿಗೂ ಕನ್ನಡ ಅಂಕಿಯ ಸೊನ್ನೆಗೂ ನೋಟದಲ್ಲಿ ಭೇದವಿಲ್ಲ, ಗಣಕಯಂತ್ರಕ್ಕೆ ಅವೆರಡೂ ಬೇರೆ. ‘ಲಿಂಗ’ ಎಂಬಲ್ಲಿ ಬಿಂದುವಿನ ಬದಲು ಸೊನ್ನೆಯನ್ನು ಒತ್ತಿದರೆ ಓದುವವನಿಗೆ ಏನೂ ಕೊರತೆ ಕಾಣದು. ಹುಡುಕುವವನಿಗೆ ಆ ಪದ ಎಂದೂ ಸಿಗದು. ವಿಕಿಸೋರ್ಸಿನಲ್ಲಿ ಇದಕ್ಕಾಗಿ ಒಳ್ಳೆಯ ಕ್ರಮವೊಂದಿದೆ. ಮೂಲಪುಟದ ಚಿತ್ರವೂ ಬೆರಳಚ್ಚಾದ ಪಾಠವೂ ಅಕ್ಕಪಕ್ಕದಲ್ಲಿರುತ್ತವೆ. ಕರಡು ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ, ಬೇರೊಬ್ಬರು ಮತ್ತೆ ನೋಡಿ ಒಪ್ಪಿದ ಮೇಲೆ ಹಸಿರು ಗುರುತು ಬೀಳುತ್ತದೆ. ತಾನು ತಿದ್ದಿದ ಪುಟವನ್ನು ತಾನೇ ಹಸಿರು ಮಾಡುವಂತಿಲ್ಲ. ನಮ್ಮ ಎಷ್ಟೋ ಮುದ್ರಿತ ಗ್ರಂಥಗಳಿಗೆ ಇಷ್ಟು ಪರಿಷ್ಕರಣಭಾಗ್ಯ ದೊರೆತಿಲ್ಲ.

ವಿಕಿಪೀಡಿಯಕ್ಕೆ ಸಂಗ್ರಹಿಸಿ ಬರೆಯುವಾಗ ಆಗುವ ಕೆಡುಕು ಬೇರೆ ಬಗೆಯದು. ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚು ಗಂಭೀರವಾದುದು. ಹಳೆಯ ವಿದ್ವಾಂಸನು ‘ಇರಬಹುದು’, ‘ಎಂದು ತೋರುತ್ತದೆ’ ಎಂದು ಎಚ್ಚರಿಕೆಯಿಂದ ಬರೆದುದು ವಿಕಿ ಪುಟದಲ್ಲಿ ‘ಇದ್ದಾನೆ’, ‘ಆಗಿದೆ’ ಎಂದಾಗುತ್ತದೆ. ಅವನು ‘ಈಚೆಗೆ ದೊರೆತ ಹಸ್ತಪ್ರತಿ’ ಎಂದುದು ತೊಂಬತ್ತು ವರ್ಷಗಳ ನಂತರವೂ ಈಚೆಗೆ ದೊರೆತುದಾಗಿಯೇ ಉಳಿಯುತ್ತದೆ. ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬನೇ, ಇಬ್ಬರೇ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಬಸವಣ್ಣನವರ ಜನ್ಮವರ್ಷವನ್ನೂ ೧೧೦೫, ೧೧೩೧, ೧೧೩೪ ಎಂದು ಬೇರೆ ಬೇರೆಯಾಗಿ ಹೇಳುವುದುಂಟು. ಒಂದೇ ಲೇಖನವನ್ನು ಮುಂದಿಟ್ಟುಕೊಂಡು ಪುಟ ಬರೆದವನು, ತನಗರಿವಿಲ್ಲದೆಯೇ, ಇಂಥ ವಾದಗಳಿಗೆ ತೀರ್ಪು ಕೊಟ್ಟುಬಿಡುತ್ತಾನೆ. ಆ ಪುಟವನ್ನೋದಿದ ವಿದ್ಯಾರ್ಥಿಯು ಅದನ್ನು ತನ್ನ ಪ್ರಬಂಧದಲ್ಲಿ ಉದ್ಧರಿಸುತ್ತಾನೆ. ಮುಂದೆ ಆ ಪ್ರಬಂಧವೇ ಆ ಪುಟಕ್ಕೆ ಆಧಾರವಾಗುತ್ತದೆ. ತನ್ನ ನೆರಳನ್ನು ತಾನೇ ಸಾಕ್ಷಿಗೆ ಕರೆದಂತಾಯಿತು! ಇದಕ್ಕೆ ಪರಿಹಾರ ಸರಳವಾದುದು: ಯಾರು, ಯಾವ ಪತ್ರಿಕೆಯ ಯಾವ ಸಂಪುಟ, ಸಂಚಿಕೆ, ಪುಟ, ವರ್ಷದಲ್ಲಿ ಹೇಳಿದರು ಎಂಬುದನ್ನು ವಾಕ್ಯದ ಬುಡದಲ್ಲಿಯೇ ಕಾಣಿಸಬೇಕು, ಬೇರೆ ಮತವಿದ್ದರೆ ಅದನ್ನೂ ಕೊಡಬೇಕು.

ನಮ್ಮ ಭಕ್ತವರ್ಗಕ್ಕೆ ನೋವುಂಟುಮಾಡುವ ಅಂಶವೊಂದಿದೆ. ‘ಪರಮಪೂಜ್ಯ’, ‘ಶ್ರೀಮನ್ನಿರಂಜನ’ ಮೊದಲಾದ ಗೌರವವಾಚಕಗಳನ್ನು ವಿಕಿಪೀಡಿಯದಲ್ಲಿ ತೆಗೆದುಹಾಕುತ್ತಾರೆ. ಪವಾಡಗಳನ್ನು ‘ಭಕ್ತರು ನಂಬುತ್ತಾರೆ’ ಎಂದು ತಿದ್ದುತ್ತಾರೆ. ಇದನ್ನು ನಾಸ್ತಿಕತೆಯೆಂದು ದೂರುವವರುಂಟು. ವಿಚಾರಿಸಿದರೆ ಹಾಗೆ ತೋರುವುದಿಲ್ಲ. ಗದ್ದುಗೆಯ ಮುಂದೆ ಆಡುವ ಮಾತಿಗೂ ಎಲ್ಲ ಮತದವರೂ ಓದುವ ಕೋಶದ ಮಾತಿಗೂ ಅಂತರವಿರಲೇಬೇಕು. ಸ್ವಾಮಿಗಳೊಬ್ಬರು ಬರಗಾಲದಲ್ಲಿ ಅನ್ನಛತ್ರ ನಡೆಸಿದರು, ಪ್ರಸಾದನಿಲಯ ತೆರೆದರು ಎಂಬ ಸಂಗತಿಯನ್ನು ಆಧಾರಸಹಿತ ಹೇಳಿದರೆ ಅದರ ಗೌರವಕ್ಕೆ ವಿಶೇಷಣ ಬೇಕಿಲ್ಲ. ಭಕ್ತಿಯ ಭಾಷೆ ಬೇಕೆಂದವರಿಗೆ ಮೂಲಲೇಖನವು ವಿಕಿಸೋರ್ಸಿನಲ್ಲಿ ಅಕ್ಷರಶಃ ಉಳಿದಿರುತ್ತದೆ.

ಇನ್ನೊಂದು ನಿಷ್ಠುರ ಮಾತನ್ನೂ ಹೇಳಬೇಕು. ತಮ್ಮ ಮಠದ ಬಗೆಗೆ ತಮ್ಮ ಮಠದ ಪತ್ರಿಕೆಯಲ್ಲಿಯೇ ಬಂದುದನ್ನು ಮಾತ್ರ ಆಧಾರವಾಗಿಟ್ಟು ಪುಟ ಬರೆಯುವುದು ಸರಿಯಲ್ಲ. ಸ್ವತಂತ್ರ ಆಧಾರಗಳೂ ಬೇಕು. ಪಕ್ಷಪಾತದ ಶಂಕೆಗೆ ಎಡೆಗೊಡದಿರುವುದು ಹಳೆಯ ವಿದ್ಯಾರ್ಥಿಗಳ ಕರ್ತವ್ಯ.

ವಿಕಿಯಲ್ಲಿಯೂ ಕೊರತೆಗಳಿವೆ. ಗ್ರಾಮಾಂತರದ ಸಣ್ಣ ಪತ್ರಿಕೆಯನ್ನು ಆಧಾರವೆಂದೊಪ್ಪಲು ಕೆಲವು ಸಂಪಾದಕರು ಹಿಂಜರಿಯುತ್ತಾರೆ; ಅಂತರಜಾಲದಲ್ಲಿ ಕಾಣದುದು ಇಲ್ಲವೇ ಇಲ್ಲವೆಂಬ ಭಾವನೆಯೂ ಉಂಟು. ಕನ್ನಡದಲ್ಲಿ ದುಡಿಯುವ ಕೈಗಳು ಕಡಿಮೆಯಾದುದರಿಂದ ಹಳದಿಯಾದ ಪುಟ ಹಸಿರಾಗಲು ಬಹುಕಾಲ ಕಾಯಬೇಕಾಗುತ್ತದೆ. ಆದರೆ ಈ ಕೊರತೆಗಳು ನಾವು ದೂರ ನಿಂತರೆ ನೀಗುವಂಥವಲ್ಲ.

ಆದುದರಿಂದ ಮಠಗಳ ಪತ್ರಿಕೆಗಳು ಹೊಸ ಸಂಚಿಕೆಗಳಲ್ಲಿ ಲೇಖಕರ ಒಪ್ಪಿಗೆ ಪಡೆದು ಮುಕ್ತ ಪರವಾನಗಿಯನ್ನು ಅಚ್ಚಿಸಲಿ. ಹಳೆಯ ಸಂಪುಟಗಳ ಲೇಖಕಸೂಚಿಯನ್ನು, ಅವರು ತೀರಿಕೊಂಡ ವರ್ಷದೊಡನೆ, ಸಿದ್ಧಪಡಿಸಲಿ. ಹಳೆಯ ವಿದ್ಯಾರ್ಥಿಗಳು ದಿನಕ್ಕೊಂದು ಪುಟದ ಕರಡು ತಿದ್ದಿದರೂ ವರ್ಷಕ್ಕೊಂದು ಸಂಪುಟವಾದೀತು. ಕೂಲಿಯಿಲ್ಲದ, ಹೆಸರಿನ ಹಂಗಿಲ್ಲದ ಈ ದುಡಿಮೆಗೆ ನಮ್ಮಲ್ಲಿ ಬೇರೆ ಹೆಸರನ್ನು ಹುಡುಕಬೇಕಾಗಿಲ್ಲ. ಕಾಯಕವೂ ದಾಸೋಹವೂ ಇದರಲ್ಲಿ ಕೂಡಿವೆ. ಕಪಾಟಿನ ಬಾಗಿಲು ತೆರೆಯುವುದಷ್ಟೇ ಉಳಿದಿದೆ. ಕಾಗದವು ನಮಗಾಗಿ ಬಹಳ ದಿನ ಕಾಯಲಾರದು.