ಮಡಚೋ ಮಂಚಕ್ಕೆ ಅಗಲವೇ ಎಲ್ಲಾ ಅಲ್ಲ

ಇನ್‌ಸ್ಟಾಗ್ರಾಮಿನಲ್ಲಿ ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನುಗಳ ಫೋಟೋಗಳನ್ನು ಒಂದೈದು ನಿಮಿಷ ನೋಡಿ. ಹಿಂದಿನ ಬಾಗಿಲು ಮೇಲಕ್ಕೆತ್ತಿದೆ, ಆಚೆ ಸಮುದ್ರ, ಈಚೆ ಬಿಳಿ ಹಾಸಿಗೆ, ಹಾಸಿಗೆಯ ತುದಿಯಲ್ಲಿ ನಾಲ್ಕು ಪಾದ. ಎಷ್ಟು ಫೋಟೋ ನೋಡಿದರೂ ಹಾಸಿಗೆ ಹಾಸಿಯೇ ಇರುತ್ತೆ. ಅದನ್ನು ಮಡಚಿ ಸೀಟು ಮಾಡಿಕೊಂಡು, ಹೊರಗೆ ಮಳೆ ಹೊಡೀತಿರುವಾಗ ಇಬ್ಬರು ಕೂತು ಚಹಾ ಕುಡೀತಿರುವ ಫೋಟೋ ಸಿಗೋದು ಕಷ್ಟ. 2011ರಲ್ಲಿ ಅಮೆರಿಕದ ಫಾಸ್ಟರ್ ಹಂಟಿಂಗ್‌ಟನ್ 'ವ್ಯಾನ್‌ಲೈಫ್' ಹ್ಯಾಶ್‌ಟ್ಯಾಗ್ ಶುರು ಮಾಡಿದ ಮೇಲೆ ವ್ಯಾನ್ ಅಂದರೆ ಹಾಸಿಗೆ ಅನ್ನುವಷ್ಟರ ಮಟ್ಟಿಗೆ ಈ ಚಿತ್ರ ನಮ್ಮ ತಲೇಲಿ ಕೂತುಬಿಟ್ಟಿದೆ. ಹಳೇ ವ್ಯಾನಿನ ಮೂಲ ಮಂಚ ಕಿತ್ತು ಇನ್ನೂ ಅಗಲದ್ದು ಹಾಕಿಸಬೇಕು ಅನ್ನೋ ಆಸೆಗೆ ಈ ಚಿತ್ರವೂ ಒಂದು ಕಾರಣ ಅಂತ ನನ್ನ ಗುಮಾನಿ.

ಆ ಮೂಲ ಮಂಚವನ್ನೇ ಸ್ವಲ್ಪ ನೋಡೋಣ. ಇಂಗ್ಲೆಂಡಿನವರು ಇದನ್ನ 'ರಾಕ್ ಅಂಡ್ ರೋಲ್ ಬೆಡ್' ಅಂತಾರೆ. ಹಗಲು ಹಿಂದಿನ ಸೀಟು. ರಾತ್ರಿ ಸೀಟನ್ನು ಮುಂದಕ್ಕೆಳೆದರೆ ಒರಗು ಚಪ್ಪಟೆಯಾಗಿ ಮಲಗುತ್ತೆ. ಈ ಬಸ್ಸುಗಳಲ್ಲಿ ಎಂಜಿನ್ ಇರೋದು ಹಿಂದೆ, ಅದರ ಮೇಲೊಂದು ಕಟ್ಟೆ. ಆ ಕಟ್ಟೆಯ ಮೇಲೆ ಮೊದಲೇ ಹಾಸಿರುವ ಮೆತ್ತೆಗೂ ಮಲಗಿದ ಒರಗಿಗೂ ಮಟ್ಟ ಸರಿಯಾಗಿ ಕೂತರೆ ಆರಡಿ ಉದ್ದದ ಹಾಸಿಗೆ ರೆಡಿ. ಎಂಜಿನ್ ಕಬಳಿಸಿದ ಜಾಗವನ್ನೇ ದಿಂಬಿನ ಜಾಗ ಮಾಡಿಕೊಂಡ ಜಾಣತನ ಇದು. ರೈಲಿನ ಮಿಡಲ್ ಬರ್ತ್ ಹಗಲು ಒರಗಾಗುತ್ತಲ್ಲ, ಅದೇ ಜಾತಿಯ ಬುದ್ಧಿ.

ಹಾಗಾದ್ರೆ ಅಗಲ ಯಾಕೆ ಕಮ್ಮಿ ಇಟ್ಟರು? ಜಿಪುಣತನ ಅಲ್ಲ, ಲೆಕ್ಕ. 1967ರಿಂದ ಬಂದ ಎರಡನೇ ಪೀಳಿಗೆಯ ಬಸ್ಸಿನ ಹೊರ ಅಗಲವೇ 1.72 ಮೀಟರ್. ಗೋಡೆ, ಒಳಪದರ ಕಳೆದರೆ ಒಳಗೆ ಉಳಿಯೋದು ಸುಮಾರು ಒಂದೂವರೆ ಮೀಟರ್. ಅದರಲ್ಲಿ ಮುಕ್ಕಾಲು ಪಾಲು ಮಂಚಕ್ಕೆ, ಕಾಲು ಪಾಲು ಪಕ್ಕದ ಬೀರುವಿಗೆ. ಬಟ್ಟೆ, ಪಾತ್ರೆ, ಹೊದಿಕೆ ಎಲ್ಲಾ ಆ ಕಾಲು ಪಾಲಿನಲ್ಲೇ ಇರಬೇಕು. ಹೀಗೆ ಮಂಚಕ್ಕೆ ಸಿಗೋದು ಹೆಚ್ಚುಕಮ್ಮಿ ನಾಲ್ಕಡಿ. ಬ್ರಿಟನ್ನಿನ ಸಾಮಾನ್ಯ ಡಬಲ್ ಬೆಡ್ 135 ಸೆಂಟಿಮೀಟರ್. ಅಂದರೆ ಎಲ್ಲಾ ಜಗಳ ಸುಮಾರು ಅರ್ಧ ಅಡಿಗೆ.

ಆ ಅರ್ಧ ಅಡಿ ಬೇಡುವವರನ್ನು ಆಡಿಕೊಳ್ಳೋದು ಸುಲಭ, ಆದರೆ ತಪ್ಪು. ನಾಲ್ಕಡಿಯಲ್ಲಿ ಇಬ್ಬರು ಮಲಗಿದರೆ ಒಬ್ಬರು ಮಗ್ಗುಲು ಬದಲಿಸುವಾಗ ಇನ್ನೊಬ್ಬರಿಗೂ ಎಚ್ಚರ. ಮರುದಿನ ಡ್ರೈವ್ ಮಾಡಬೇಕಾದವರಿಗೆ ನಿದ್ದೆಗೆಟ್ಟರೆ ಅದು ಬರೀ ಸುಖದ ಪ್ರಶ್ನೆ ಅಲ್ಲ. ಆದ್ದರಿಂದ ಕೇಳಬೇಕಾದ್ದು 'ಅಗಲ ಬೇಕಾ' ಅಂತಲ್ಲ, ಆ ಅಗಲವನ್ನ ಎಲ್ಲಿಂದ ತರ್ತೀರಿ ಅಂತ.

ದಾರಿ ಮೂರಿವೆ. ಮೊದಲನೆಯದು, ಪಕ್ಕದ ಬೀರು ಕಿತ್ತು ಗೋಡೆಯಿಂದ ಗೋಡೆಗೆ ಮಂಚ. ಫೋಟೋಗೆ ಇದೇ ಚೆಂದ. ಆದರೆ ಬೀರುವಿನಲ್ಲಿದ್ದ ಸಾಮಾನು ಚೀಲ ಸೇರುತ್ತೆ, ಚೀಲ ಹಗಲು ಸೀಟಿನ ಮೇಲೆ, ರಾತ್ರಿ ಡ್ರೈವರ್ ಸೀಟಿನ ಮೇಲೆ. ದಿನಾ ಎರಡು ಸಲ ಮನೆ ಶಿಫ್ಟ್ ಮಾಡಿದ ಹಾಗೆ. ಎರಡನೆಯದು, ಬಾಗಿಲ ಕಡೆಯ ಅಂಚಿಗೆ ಕೀಲು ಹಾಕಿ ಒಂದು ಹಲಗೆ ಜೋಡಿಸೋದು. ಹಗಲು ಇಳಿಬಿಟ್ಟಿರುತ್ತೆ, ರಾತ್ರಿ ಎತ್ತಿ ಕಾಲು ಕೊಟ್ಟರೆ ಅರ್ಧ ಅಡಿ ಬಂತು. ಬೀರು ಉಳೀತು, ಓಡಾಟದ ದಾರಿ ಹೋಯ್ತು. ನಡುರಾತ್ರಿ ಹೊರಗೆ ಹೋಗಬೇಕಾದರೆ ಜೊತೆಗಾರರನ್ನ ದಾಟಿಕೊಂಡೇ ಹೋಗಬೇಕು. ಮೂರನೆಯದು, ಪಟ್ಟಿಗಳು ಒಂದರೊಳಗೊಂದು ಸೇರಿಕೊಂಡು ಹೊರಗೆಳೆದಾಗ ಹರಡುವ ಮಂಚ. ಹಗುರ, ಸರಳ. ಆದರೆ ಪಟ್ಟಿಗಳ ಸಂದು ಬೆನ್ನಿಗೆ ತಿಳೀಬಾರದು ಅಂದರೆ ದಪ್ಪ ಫೋಮ್ ಬೇಕು, ಫೋಮ್ ದಪ್ಪವಾದಷ್ಟೂ ಹಗಲು ಕೂರೋ ಎತ್ತರ ಜಾಸ್ತಿ, ಮಡಚೋದು ಕಷ್ಟ. ಈ ಮೂರರಲ್ಲಿ ಎರಡನೆಯದೇ ವಾಸಿ ಅಂತ ನನ್ನ ಮತ. ಅದರ ತೊಂದರೆ ರಾತ್ರಿಗೆ ಮಾತ್ರ. ಬೇಡ ಅನ್ನಿಸಿದರೆ ನಾಲ್ಕು ಸ್ಕ್ರೂ ಬಿಚ್ಚಿದರಾಯ್ತು.

ಇಲ್ಲಿ ಶುದ್ಧವಾದಿಗಳು ಬಂದು 'ಮೂಲ ಒಳಾಂಗಣ ಮುಟ್ಟಲೇಬಾರದು' ಅಂತಾರೆ. ಯಾವುದು ಮೂಲ ಸ್ವಾಮಿ? 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಈ ಬಸ್ಸಿಗೆ ಮೊದಲು ಮಾಡಿದ್ದು 'ಕ್ಯಾಂಪಿಂಗ್ ಬಾಕ್ಸ್', ಬೇಕಾದಾಗ ಇಟ್ಟು ಬೇಡವಾದಾಗ ತೆಗೆಯಬಹುದಾದ ಪೀಠೋಪಕರಣ. ವಾರವೆಲ್ಲಾ ಸರಕು ಹೊರುವ ಗಾಡಿ, ಭಾನುವಾರ ಮನೆ. ಆಮೇಲೆ ಇಂಗ್ಲೆಂಡಿನ ಡೆವನ್, ಡಾರ್ಮೊಬೈಲ್ ಮುಂತಾದವರೂ ತಮಗೆ ತೋಚಿದಂತೆ ಒಳಾಂಗಣ ಕಟ್ಟಿದರು. ಬದಲಾವಣೆಯೇ ಈ ಗಾಡಿಯ ಸಂಪ್ರದಾಯ. ಆದರೆ ಆ ಸಂಪ್ರದಾಯದ ಒಳ್ಳೇ ಭಾಗವನ್ನ ಮರೀಬಾರದು: ಹಾಕಿದ್ದನ್ನ ವಾಪಸ್ ತೆಗೆಯೋ ಹಾಗಿರಬೇಕು. ಐವತ್ತು ವರ್ಷ ಹಳೆಯ ಬೀರುವನ್ನ ಗರಗಸದಲ್ಲಿ ಕೊಯ್ದರೆ ಅದು ಮತ್ತೆ ಹುಟ್ಟಲ್ಲ. ಬಿಚ್ಚಿ, ಬಟ್ಟೆ ಸುತ್ತಿ ಅಟ್ಟದಲ್ಲಿಟ್ಟರೆ ಮುಂದಿನ ಮಾಲೀಕರಿಗಾದರೂ ಸಿಗುತ್ತೆ.

ಚರ್ಚೆಯಲ್ಲಿ ಎರಡು ಮಾತು ಸಾಮಾನ್ಯವಾಗಿ ಕೊನೆಗೆ ಬರುತ್ತವೆ, ನಿಜವಾಗಿ ಮೊದಲು ಬರಬೇಕಾದವು. ಒಂದು, ಇದು ಹಾಸಿಗೆ ಮಾತ್ರ ಅಲ್ಲ, ಓಡುವ ಗಾಡಿಯ ಸೀಟು. ಪ್ಲೈವುಡ್ ಡಬ್ಬದ ಮೇಲೆ ಚೆಂದದ ಬಟ್ಟೆ ಹೊದಿಸಿ ಅದರ ಮೇಲೆ ಮಗುವನ್ನ ಕೂರಿಸಿದರೆ, ಗುದ್ದಾದಾಗ ಬೆಲ್ಟನ್ನು ಹಿಡಿದುಕೊಳ್ಳೋದು ಯಾವುದು? ಬ್ರಿಟನ್ನಿನಲ್ಲಿ ಪ್ರಯಾಣಿಕರ ಗಾಡಿಗಳ ಎಂ1 ವರ್ಗದ ಎಳೆತ ಪರೀಕ್ಷೆ ಪಾಸಾದ ಉಕ್ಕಿನ ಚೌಕಟ್ಟಿನ ಮಡಚೋ ಮಂಚಗಳು ಸಿಗುತ್ತವೆ. ತೂಕ ಹೆಚ್ಚು, ಬೆಲೆಯೂ ಹೆಚ್ಚು. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೋಗೋದಾದರೆ ಅದೇ ಬೇಕು, ಚೌಕಾಸಿ ಬೇಡ. ಇನ್ನೊಂದು, ಎಂಜಿನ್. 1979ರಲ್ಲಿ ಬಂದ ಮೂರನೇ ಪೀಳಿಗೆಯಲ್ಲಿ ಎಂಜಿನ್ನಿನ ಮುಚ್ಚಳ ಹಿಂದಿನ ಮೆತ್ತೆಯ ಕೆಳಗೇ ಇದೆ. ಅಗಲದ ಮಂಚವನ್ನ ಕಟ್ಟೆಗೆ ಬಿಗಿದುಬಿಟ್ಟರೆ, ಗಾಡಿ ರಸ್ತೇಲಿ ನಿಂತ ದಿನ ಮೊದಲು ಮಂಚ ಬಿಚ್ಚಬೇಕು. ಹಳೇ ಗಾಡಿ, ನಿಲ್ಲದೆ ಇರುತ್ತಾ?

ಒಳ್ಳೇ ಮಡಚೋ ಮಂಚವನ್ನ ಅಳೆಯೋಕೆ ಟೇಪಿಗಿಂತ ಗಡಿಯಾರ ಉತ್ತಮ. ನಿದ್ದೆಗಣ್ಣಲ್ಲಿ, ಕತ್ತಲಲ್ಲಿ, ಒಬ್ಬರೇ ಎಷ್ಟು ಹೊತ್ತಲ್ಲಿ ಹಾಸ್ತೀರಿ? ಬೆಳಿಗ್ಗೆ ಎಷ್ಟು ಹೊತ್ತಲ್ಲಿ ಮಡಚ್ತೀರಿ? ಅದು ಕಷ್ಟವಾದ ದಿನ ಮಡಚೋದೇ ನಿಂತುಹೋಗುತ್ತೆ. ಮಡಚದ ಮಂಚ ಇರುವ ವ್ಯಾನು ಫೋಟೋದಲ್ಲಿ ಸ್ವರ್ಗ, ಮಳೆಗಾಲದಲ್ಲಿ ಚಕ್ರ ಇರುವ ಬೆಡ್‌ರೂಮು. ಕೂರೋಕೆ ಜಾಗವಿಲ್ಲ, ಅಡುಗೆಗೆ ಜಾಗವಿಲ್ಲ, ಇಬ್ಬರೂ ಸಂಜೆ ಆರಕ್ಕೇ ಮಲಗಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಲ್ಲಿ ಗಾದೆ ಇದೆ. ಕ್ಯಾಂಪರ್ ವ್ಯಾನಿನವರಿಗೆ ಅದನ್ನ ಕೊಂಚ ತಿದ್ದಿ ಹೇಳಬಹುದು: ಕಾಲು ಚಾಚಿ, ಹಾಸಿಗೆಯನ್ನೂ ಅಗಲ ಮಾಡಿ, ಆದರೆ ಬೆಳಗಾದ ಮೇಲೆ ಮಡಚೋಕೆ ಆಗೋವಷ್ಟು ಮಾತ್ರ.